ಮೂಟೆಗಳ ಹಿಂದೆ ದೂಡಿದ ಮರದ ತುಂಡು

ಐತಪ್ಪಣ್ಣ, ಅಂದು ತಿಜೋರಿಗೆ ನೀವು ಮರದ ತುಂಡು ಅಡ್ಡ ಇಟ್ಟಿದ್ದಿರಿ. ಹಗ್ಗ ಬಿಟ್ಟವನು ನಾನು.

ಬದಿಯಡ್ಕದ ನಮ್ಮ ಜವಳಿ ಅಂಗಡಿಯ ಕಟ್ಟಡ ಕೆಡವುವ ಮೊದಲು ಅಜ್ಜನ ಕಾಲದ ಕಬ್ಬಿಣದ ತಿಜೋರಿಯನ್ನು ಮಾಳಿಗೆಯಿಂದ ಇಳಿಸಿದ ದಿನ — ನೀವು ಮರೆತಿರಲಾರಿರಿ. ಮೆಟ್ಟಿಲ ಮೇಲೆ ಹಲಗೆ ಹಾಸಿ, ಕಂಬಕ್ಕೆ ಸುತ್ತಿದ ಹಗ್ಗವನ್ನು ಮೇಲಿನಿಂದ ಸಡಿಲಿಸುತ್ತ, ನಿಂತಲ್ಲೆಲ್ಲ ಕೆಳಗಿನಿಂದ ಅಡ್ಡ ಇಡುತ್ತ ಇಳಿಸುವುದು ನಿಮ್ಮ ಕ್ರಮ. ಹಗ್ಗ ನಾನೇ ಹಿಡಿಯುತ್ತೇನೆಂದು ಹಠ ಮಾಡಿದೆ. ಅಜ್ಜನ ತಿಜೋರಿ, ಮೊಮ್ಮಗನೇ ಇಳಿಸಬೇಕು — ಇಂಥ ಒಣ ಜಂಬ. ನೀವು ಒಂದೇ ಮಾತು ಹೇಳಿದಿರಿ: "ಎರಡೂ ಕೈ ಹಗ್ಗದಲ್ಲೇ ಇರ್ಲಿ ಶೆಟ್ರೇ."

ಅರ್ಧ ಇಳಿದಾಗ ನಾನು ಒಂದು ಕೈ ಬಿಟ್ಟು ಕಿಸೆಯಿಂದ ಮೊಬೈಲ್ ತೆಗೆದೆ. ವಿಡಿಯೊ ಮಾಡಲು — ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಲು. ಅಷ್ಟೇ. ಹಗ್ಗ ಸರ್ರನೆ ಜಾರಿತು. ತಿಜೋರಿ ನೀವಿಟ್ಟ ತುಂಡನ್ನು ಹಾರಿಸಿ, ಕೆಳಗೆ ನಿಂತಿದ್ದ ನಿಮ್ಮ ತಮ್ಮ ಸಂಜೀವನ ಕಾಲಿನ ಮೇಲೆ ಬಿತ್ತು.

ಎಲ್ಲರೂ ಅವನನ್ನು ಎತ್ತಿ ಜೀಪಿಗೆ ಹಾಕುತ್ತಿದ್ದಾಗ ಆ ತುಂಡು ಮೆಟ್ಟಿಲ ಬುಡದಲ್ಲಿತ್ತು. ಕಾಲಿನಿಂದ ಅದನ್ನು ಬಟ್ಟೆಯ ಮೂಟೆಗಳ ಹಿಂದೆ ದೂಡಿದೆ. ಬೇಕೆಂದೇ ದೂಡಿದೆನೇ? ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಸಂಜೆ ಆಸ್ಪತ್ರೆಯಲ್ಲಿ ನಿಮ್ಮ ಅಮ್ಮ "ಎಂತಾಯ್ತು?" ಎಂದು ಕೇಳಿದಾಗ ನಾನೇ ಮುಂದೆ ಬಿದ್ದು ಹೇಳಿದೆ: "ಐತಪ್ಪಣ್ಣ ಅಡ್ಡ ಇಡ್ಲಿಕ್ಕೆ ಮರ್ತದ್ದು."

ನೀವು ಜಗಳಕ್ಕೆ ಬರುತ್ತೀರೆಂದು ಕಾದೆ. ಬರಲಿಲ್ಲ. ನನ್ನ ಮುಖವನ್ನೇ ನೋಡಿ, "ಇಟ್ಟ ಹಾಗೆ ನೆನಪುಂಟು... ಆದ್ರೆ ನೀವು ಮೇಲಿಂದ ನೋಡಿದವ್ರು. ನೀವು ಹೇಳುವಾಗ, ಇಟ್ಟಿರ್ಲಿಕ್ಕಿಲ್ಲ" ಎಂದಿರಿ.

ನಿಮ್ಮ ನೆನಪನ್ನೇ ನಿಮ್ಮಿಂದ ಕಸಿದುಕೊಂಡೆ. ಸಂಜೀವ ಇಂದಿಗೂ ಕುಂಟುತ್ತಾನೆ, ನಿಮ್ಮೊಡನೆ ಮಾತು ಬಿಟ್ಟಿದ್ದಾನೆ. ಭಾರದ ಕೆಲಸಕ್ಕೆ ಯಾರೂ ನಿಮ್ಮನ್ನು ಕರೆಯುವುದಿಲ್ಲ. ಕಾರಡ್ಕದ ಬಸ್ಸಿನಲ್ಲಿ ಎದುರಾದರೆ ನೀವೇ ತಲೆ ತಗ್ಗಿಸುತ್ತೀರಿ — ನನ್ನೆದುರು. ನನಗೆ ನಾಚಿಕೆಯಾಗುತ್ತದೆ, ಮುಂದಿನ ನಿಲ್ದಾಣದಲ್ಲೇ ಇಳಿದುಬಿಡುತ್ತೇನೆ.

ಆ ತುಂಡು ನನ್ನ ಬಳಿಯೇ ಇದೆ. ತಿಜೋರಿಯ ಅಂಚು ಕಚ್ಚಿದ ಗುರುತು ಇನ್ನೂ ಅದರ ಮೇಲಿದೆ. ಸುಟ್ಟುಬಿಡೋಣವೆಂದು ಎಷ್ಟೋ ಸಲ ಬಚ್ಚಲ ಒಲೆಯ ತನಕ ಒಯ್ದು, ಹಾಗೆಯೇ ಮರಳಿ ತಂದಿದ್ದೇನೆ. ನಾಳೆ ಅದನ್ನು ಹಿಡಿದು ಸಂಜೀವನ ಮನೆಗೆ ಬರುತ್ತೇನೆ. ನೀವೂ ಬನ್ನಿ. ಅವನೆದುರೇ ಅದನ್ನು ನಿಮ್ಮ ಕೈಯಲ್ಲಿಡುತ್ತೇನೆ, ನಡೆದದ್ದನ್ನು ನನ್ನ ಬಾಯಿಂದಲೇ ಹೇಳುತ್ತೇನೆ. ಅವನು ಏನು ಮಾಡಿದರೂ ಸರಿ.

ನಿಮ್ಮ ಅಮ್ಮನಿಗೆ ಮಾತ್ರ ಹೇಳಲಾಗಲಿಲ್ಲ. ದೊಡ್ಡ ಮಗನೇ ಚಿಕ್ಕವನ ಕಾಲು ಮುರಿದನೆಂದು ನಂಬಿಕೊಂಡೇ ಅವರು ತೀರಿಹೋದರು.