ತಪಸ್ಸು ಕಾಲದ ಮೀನು

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ನಮ್ಮ ಚರ್ಚಿನವರೆಲ್ಲ ಬಾಡು ಬಿಟ್ಟರೆ, ಫಾದರ್ ನನ್ನ ಕೈಲಿ ಸುಳ್ಳು ಬಿಡಿಸಿದರು. "ಈಸ್ಟರ್ ತನಕ ಮೀನಿನ ಅಳತೆ ಇದ್ದಷ್ಟೇ ಹೇಳಪ್ಪ" ಅಂದರು. ಶಿಲುಬೆ ಮುಟ್ಟಿ ಒಪ್ಪಿಕೊಂಡೆ. ಗೊರೂರು ಹಿನ್ನೀರಿನಲ್ಲಿ ನನ್ನಂಥ ಬೆಸ್ತ ಇನ್ನೊಬ್ಬನಿಲ್ಲ, ಇದು ಸುಳ್ಳಲ್ಲ.

ಮಾರನೇ ದಿನ ಬುಟ್ಟಿ ಹೊತ್ತು ಹಾಸನದ ಬಸ್ಸು ಹತ್ತಿದೆ. ಕಂಡಕ್ಟರು ಎಲ್ಲರಿಗೂ ಕೇಳುವಂತೆ, "ಏನಜ್ಜೋ, ಇವತ್ತು ಎಷ್ಟುದ್ದದ್ದು ಬಿತ್ತು?" ಅಂದ. ನಾಲಿಗೆ ತುರಿಸಿತು. ಶಿಲುಬೆ ನೆನೆದು, "ಅಂಗೈಯಗಲದವು ನಾಕೇ ಕಣಪ್ಪ" ಅಂದೆ.

"ಈ ಅಜ್ಜ ನಾಕು ಅಂದ್ರೆ ನಂಬಕಾಯ್ತದಾ? ದೊಡ್ಡದನ್ನ ಎಲ್ಲೋ ಬಚ್ಚಿಟ್ಟವ್ನೆ ಕಣ್ಲಾ!" ಅಂತ ಹಿಂದಿನ ಸೀಟಿನವನೊಬ್ಬ ಶುರುಮಾಡಿದ. ಹಾಸನ ಬರುವಷ್ಟರಲ್ಲಿ ಬಸ್ಸಿನವರ ಬಾಯಲ್ಲಿ ಆ ಮೀನು ಎತ್ತಿನಗಾಡಿ ತುಂಬಿತ್ತು.

ಒಂದು ಸುಳ್ಳೂ ನನ್ನದಲ್ಲ. ಆದರೂ ಕೇಳುತ್ತಾ ಹಿಗ್ಗಿದ್ದನ್ನು ಪಾಪನಿವೇದನೆಯಲ್ಲಿ ಒಪ್ಪಿಕೊಂಡೆ. ಫಾದರ್ ಮೆಲ್ಲಗೆ ಕೇಳಿದರು: "ಅದಿರಲಿ, ಆ ಮೀನನ್ನ ಎಲ್ಲಿ ಬಚ್ಚಿಟ್ಟಿದ್ದೀಯಪ್ಪ?"