ಚೈನು ಕಟ್ಟುವ ಸೈಫೊಲ್ಲಾ

ಹಿಮ ಬಿದ್ದ ದಿನ ನಮ್ಮ ಘಟ್ಟದ ಬುಡದಲ್ಲಿ ಕಾರುಗಳು ಸಾಲುಗಟ್ಟಿದರೆ, ಯಾವುದಾದರೊಂದು ಚಕ್ರದ ಪಕ್ಕ ಒಂದು ಜೋಡಿ ರಬ್ಬರ್ ಬೂಟು ಚಾಚಿಕೊಂಡಿರುತ್ತದೆ. ಅದೇ ಸೈಫೊಲ್ಲಾ. ಹತ್ತುವವರ ಚಕ್ರಕ್ಕೆ ಹಿಮದಲ್ಲಿ ಜಾರದಂತೆ ಚೈನು ಕಟ್ಟುವುದು, ಇಳಿದು ಬಂದವರದ್ದು ಬಿಚ್ಚುವುದು, ಚಳಿಗಾಲವಿಡೀ ಅವನ ಕಸುಬು. ಬೆರಳು ಸೆಟೆದಾಗ ನನ್ನ ಚಹಾದಂಗಡಿಗೆ ಬಂದು ಬಿಸಿ ಲೋಟ ಹಿಡಿದು ಕೂರುತ್ತಾನೆ. ಕೂತನೆಂದರೆ ಬಾಯಿಗೆ ಬಿಡುವಿಲ್ಲ.

ಅವನದು ಒಂದೇ ಕಥೆ. ದೊಡ್ಡ ಹಿಮ ಬಿದ್ದ ವರ್ಷ, ಚೈನು ತುಂಡಾದ ಪಿಕಪ್ಪನ್ನು ಘಟ್ಟದ ತುದಿಯಿಂದ ಹಾಗೇ ಇಳಿಸಿಕೊಂಡು ಬಂದದ್ದು.

"ಮೊದಲ ಗೇರು, ಬ್ರೇಕ್ ಮುಟ್ಟಲೇ ಇಲ್ಲ! ಬೇಕಾದ್ರೆ ಅಕ್ಕನ್ನ ಕೇಳಿ, ಕಣ್ಣಾರೆ ನೋಡಿದಾಳೆ" ಎಂದು ನನ್ನತ್ತ ಕೈ ತೋರಿಸುತ್ತಾನೆ.

ನೋಡಿದ್ದು ನಿಜ. ಹಿಮ ತೆಗೆಯುವ ದೈತ್ಯ ಗಾಡಿಯೊಂದು ಹಿಂದಿನಿಂದ ದಪ್ಪ ಹಗ್ಗ ಕಟ್ಟಿ, ಕುರಿಯನ್ನು ಹಿಡಿದುಕೊಂಡ ಹಾಗೆ ಅವನ ಪಿಕಪ್ಪನ್ನು ಹಿಡಿದುಕೊಂಡು ಬಂದಿತ್ತು. ಅಳುತ್ತಾ ಇಳಿದಿದ್ದ, ಪಾಪ. ಕಥೆ ಕೇಳುವವರು ಇನ್ನೊಂದು ಲೋಟ ಚಹಾ ಕುಡಿಯುತ್ತಾರೆಂದು ನಾನು ಹಗ್ಗದ ಮಾತೆತ್ತುತ್ತಿರಲಿಲ್ಲ.

ಅವನ ಮಗಳು ಗೊಲ್ನಾರ್‌ಳನ್ನು ಮದುವೆಗೆ ಕೇಳಿಕೊಂಡು ಬಿಸಿಲೂರು ಅಬಾದಾನಿನಿಂದ ಜಾಸೆಮ್ ಬಂದಾಗಲೂ ಅದೇ ಕಥೆ.

"ನಿಮ್ಮೂರಲ್ಲಿ ಐಸು ಅಂದ್ರೆ ಶರಬತ್ತಿನಲ್ಲಿ ತೇಲೋದು ತಾನೇ? ಹಿಮದಲ್ಲಿ ಗಾಡಿ ಓಡಿಸೋದು ನಿನ್ನ ಕೈಲಾಗುತ್ತೇನಯ್ಯಾ?" ಎಂದು ಸೈಫೊಲ್ಲಾ ಕೆಣಕಿದ.

"ನೀವು ಹೇಳಿಕೊಡಿ ಮಾವ, ಕಲೀತೀನಿ" ಎಂದ ಹುಡುಗ. ನಾವು ನಕ್ಕು ಬಿಟ್ಟುಬಿಡುವ ಮಾತನ್ನು ಅವನು ಒಂದಕ್ಷರ ಬಿಡದೆ ನಂಬಿದ. ಮದುವೆಯಲ್ಲಿ ಸೈಫೊಲ್ಲಾ ತನ್ನ ಚೈನನ್ನೇ ಅವನ ಡಿಕ್ಕಿಯಲ್ಲಿಟ್ಟ. ಸವೆದ ಕೊಂಡಿಯೊಂದನ್ನು ಕೆಂಪು ತಂತಿಯಿಂದ ಬಿಗಿದಿದ್ದ.

ಹೋದ ಚಳಿಗಾಲ, ವರ್ಷದ ಅತಿ ಉದ್ದದ ರಾತ್ರಿಯ ಯಲ್ದಾ ಹಬ್ಬಕ್ಕೆ ಮಗಳು ಅಳಿಯ ಘಟ್ಟ ದಾಟಿ ಬರುವವರಿದ್ದರು. ಬೆಳಗಿನಿಂದ ಹಿಮ. ಮಧ್ಯಾಹ್ನಕ್ಕೆ ಪೊಲೀಸರು ಹತ್ತುವ ದಾರಿಗೆ ಅಡ್ಡಗಂಬ ಇಳಿಸಿದರು. ಇಳಿದು ಬಂದ ಪ್ರತಿ ಕಾರಿಗೂ ಸೈಫೊಲ್ಲಾ ಓಡುತ್ತಿದ್ದ. ಕಡೆಗೆ ಬಂದ ನೀಲಿ ಕಾರಿನ ಮುಂದೆ ಮಂಡಿಯೂರಿದವನು ಮೇಲೇಳಲಿಲ್ಲ. ನಾನು ಹೋಗಿ ನೋಡಿದೆ. ಚಕ್ರದ ಮೇಲೆ ಕೆಂಪು ತಂತಿ.

"ಇದು ನಿನಗೆಲ್ಲಿ ಸಿಕ್ತು?" ಎಂದು ಸೈಫೊಲ್ಲಾ ಕಾರಿನವನನ್ನು ಕೇಳಿದ.

"ಮೇಲೆ ಒಬ್ಬರು ಕೊಟ್ರು ಚಾಚಾ. ನನ್ನ ಚೈನು ತುಂಡಾಗಿತ್ತು, ಗಾಡೀಲಿ ಎಳೇ ಕೂಸು. ಬೇಡ ಬೇಡ ಅಂದ್ರೂ ತಮ್ಮದನ್ನೇ ಬಿಚ್ಚಿ ಕಟ್ಟಿದ್ರು. ಕೆಳಗೆ ಮಾವ ಇದಾರೆ, ಅವರ ಕೈಗೆ ಕೊಡಿ ಅಂದ್ರು."

"ಮತ್ತೆ ಅವನು? ಅವನು ಹೇಗೆ ಇಳೀತಾನಂತೆ?"

"ನಾನೂ ಕೇಳ್ದೆ. ನಮ್ಮ ಮಾವ ಚೈನಿಲ್ಲದೇ ಇಳಿದವರು, ನನಗೂ ಕಲಿಸಿದಾರೆ ಅಂದ್ರು."

ಸೈಫೊಲ್ಲಾ ಚೈನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಅಡ್ಡಗಂಬದ ಕೆಳಗೆ ನುಗ್ಗಿದ. ಇಬ್ಬರು ಪೊಲೀಸರು ಸೊಂಟ ಹಿಡಿದು ಎಳೆದರು. "ಮೇಲೆ ಹಿಮ ಜಾರ್ತಿದೆ ಕಣೋ, ನಿನ್ನ ಹೆಣ ಹುಡುಕೋಕೆ ಯಾರು ಹೋಗೋದು?" ಎಂದು ಬೈದರು. ಅವರದೂ ತಪ್ಪಲ್ಲ. ಆದರೂ ಅವರ ಮೇಲೆ ನನಗೆ ಮೈಯೆಲ್ಲ ಉರಿಯಿತು.

ಆಗ ಅವನ ಫೋನು ಬಡಿದುಕೊಂಡಿತು. ಮೇಲೆ ಸುರಂಗದ ಬಾಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ, ಅದನ್ನು ದಾಟಿದರೆ ಇಳಿಜಾರೇ. ಗೊಲ್ನಾರ್‌ಳ ದನಿ ನನಗೂ ಕೇಳಿಸಿತು.

"ಬಾಬಾ, ಹೊರಟ್ವಿ. ಜಾಸೆಮ್‌ಗೆ ಸ್ವಲ್ಪಾನೂ ಭಯ ಇಲ್ಲ. ನೀನು ಮಾಡಿದ ಹಾಗೇ ಮಾಡ್ತಾನಂತೆ, ಮೊದಲ ಗೇರು, ಬ್ರೇಕ್ ಮುಟ್ಟ..."

ಅಲ್ಲಿಗೆ ದನಿ ಕಡಿದುಹೋಯಿತು.

"ಹಗ್ಗ ಇತ್ತು ಮಗಳೇ!" ಎಂದು ಸೈಫೊಲ್ಲಾ ಕಿರುಚಿದ. "ಹಿಂದೆ ಹಗ್ಗ ಕಟ್ಟಿದ್ರು! ಅಕ್ಕಾ, ನೀನಾದ್ರೂ ಹೇಳು, ಹಗ್ಗ ಇತ್ತು ಅಂತ ಹೇಳು!"

ಫೋನನ್ನು ನನ್ನ ಬಾಯಿಗೆ ಹಿಡಿದ. ನಾನೂ ಹೇಳಿದೆ, ಹಗ್ಗ ಇತ್ತು ಎಂದು. ಆ ಕಡೆ ಕೇಳುವವರು ಯಾರೂ ಇರಲಿಲ್ಲ.