ಮರಿಯಾಬಾಯಿ ಮತ್ತು ನನ್ನ ಶುದ್ಧ ಬೀಜ

ಮರಿಯಾಬಾಯಿ ಗದ್ದೆಗೆ ಇಳಿದರೆ ಚೆನ್ನಾಗಿರುವ ಪೈರಿನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಇಬ್ಬನಿ ತಡವಾಗಿ ಆರುವ ನೆರಳಿನ ಮೂಲೆಗೆ ನೇರ ಹೋಗಿ, ಕುಕ್ಕರಗಾಲಲ್ಲಿ ಕೂತು, ರೋಗದ ಗುರುತಿಗಾಗಿ ಒಂದೊಂದೇ ಎಲೆ ಮಗುಚುತ್ತಿದ್ದರು. ಯಾಕೆಂದು ಕೇಳಿದರೆ ನನಗೇ ಪ್ರಶ್ನೆ ಹಾಕುತ್ತಿದ್ದರು:

"ಕಳ್ಳ ಮುಂದಿನ ಬಾಗಲದಿಂದ ಬರ್ತಾನೇನ್ರಿ, ಅಕ್ಕಾರ?"

ಕೃಷಿಯಲ್ಲಿ ಪಿಎಚ್.ಡಿ. ಮಾಡುವಾಗ ಹೊಸ ಭತ್ತದ ತಳಿಯೊಂದನ್ನು ರೈತರ ಹೊಲದಲ್ಲಿ ಬೆಳೆಸಿ ನೋಡುವ ಕೆಲಸ ನನ್ನದಾಗಿತ್ತು. ಹಳಿಯಾಳದ ಆಚೆಯ ಸಿದ್ದಿ ಕೇರಿಯಲ್ಲಿ ಅದಕ್ಕೆ ಒಪ್ಪಿದವರು ಮರಿಯಾಬಾಯಿ. ಇದ್ದದ್ದು ಒಂದೇ ಎಕರೆ. ಮನೆಯ ವರ್ಷದ ಅನ್ನ ಅದರಲ್ಲೇ. ಪೈರನ್ನು ಸುಟ್ಟಂತೆ ಒಣಗಿಸುವ ಬೆಂಕಿ ರೋಗ ಈ ತಳಿಗೆ ಬರುವುದಿಲ್ಲ ಎಂದು ಹೇಳಿದ್ದೆ. ಅವರು ತಮ್ಮ ರೂಢಿಯಂತೆ ಹಳೆಯ ಎರಡು ಬಗೆಯ ಬೀಜವನ್ನು ಅದಕ್ಕೆ ಬೆರೆಸಲು ಬುಟ್ಟಿ ತಂದರು. ಶುದ್ಧ ಬೀಜವೇ ಆಗಬೇಕೆಂದು ನಾನು ತಡೆದೆ.

"ಆತ್ರೀ. ನಿಮಗ ಬಿಟ್ರ ಗದ್ದಿಗೆ ಬಾಚಣಿಕಿನೂ ಹಾಕ್ತೀರಿ," ಎಂದು ನಕ್ಕರು.

ಎರಡು ವರ್ಷ ಬೆಳೆ ಚೆನ್ನಾಗಿ ಬಂತು. ಮೂರನೆಯ ಮಳೆಗಾಲದಲ್ಲಿ ಅವರ ಫೋನು: "ಅಕ್ಕಾರ, ಎಲಿ ಮ್ಯಾಲ ಕಣ್ಣಿನಂಥ ಚುಕ್ಕಿ ಮೂಡ್ಯಾವು." ಹಾಗಾಗಲು ಸಾಧ್ಯವಿಲ್ಲ, ಗೊಬ್ಬರ ಕಡಿಮೆಯಾಗಿರಬೇಕು ಎಂದುಬಿಟ್ಟೆ. ಕೊನೆಗೆ ನಾನು ಹೋಗುವ ಹೊತ್ತಿಗೆ ತೆನೆಗಳ ಕುತ್ತಿಗೆ ಕಪ್ಪಾಗಿ ಕಾಳೆಲ್ಲ ಜೊಳ್ಳಾಗಿತ್ತು.

ಬದುವಿನ ಮೇಲೆ ಕೂತು ವಿವರಿಸಿದೆ. ರೋಗ ತರುವ ಶಿಲೀಂಧ್ರ ಬದಲಾಗುತ್ತಿರುತ್ತದೆ. ಈ ತಳಿಯನ್ನು ಕಾಯುತ್ತಿದ್ದದ್ದು ಒಂದೇ ಗುಣ. ಅದನ್ನು ದಾಟಬಲ್ಲ ಶಿಲೀಂಧ್ರ ಹುಟ್ಟಿದ ಮೇಲೆ, ಎಲ್ಲೆಡೆ ಒಂದೇ ಪೈರಿದ್ದ ಗದ್ದೆಯಲ್ಲಿ ಅದಕ್ಕೆ ತಡೆಯೇ ಇರಲಿಲ್ಲ.

"ಅಂದ್ರ ರೋಗನೂ ಸಾಲಿ ಕಲೀತೈತಿ ಅನ್ರಿ," ಎಂದರು. ಜೊಳ್ಳು ತೆನೆಯೊಂದನ್ನು ಅಂಗೈಯಲ್ಲಿ ಉಜ್ಜುತ್ತ ಕೇಳಿದರು: "ಎಷ್ಟು ವರ್ಸದಾಗ ಕಲೀತೈತಿ ಅಂತ ನಿಮಗ ಗೊತ್ತಿತ್ತೇನು?"

"ಇಲ್ಲ, ಮಾವಶಿ."

"ಹಂಗಂತ ಬಿತ್ತೂಕಿಂತ ಮೊದ್ಲ ಹೇಳಬೇಕಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಜೊಳ್ಳಾದ ಪೈರನ್ನು ದನದ ಮೇವಿಗಾಗಿ ಕೊಯ್ಯತೊಡಗಿದರು. ಆ ವರ್ಷ ಅವರ ಮನೆಯಲ್ಲಿ ಉಂಡದ್ದು ರೇಷನ್ ಅಕ್ಕಿ.

ಮುಂದಿನ ಮುಂಗಾರಿಗೆ ಬೇರೊಂದು ತಳಿಯ ಚೀಲ ಹಿಡಿದು ಹೋದೆ. ಒಳಗೆ ಕರೆದರೂ, ಹೇಳಬೇಕಾದ್ದನ್ನು ಮೊದಲು ಹೇಳಿಬಿಡಬೇಕೆಂದು ಹೊಸ್ತಿಲ ಹೊರಗೇ ನಿಂತು ಹೇಳಿದೆ: "ಇದು ಎಷ್ಟು ವರ್ಷ ತಡೆಯುತ್ತದೋ ನನಗೆ ಗೊತ್ತಿಲ್ಲ."

ಮರಿಯಾಬಾಯಿ ನನ್ನ ಮುಖವನ್ನೇ ನೋಡಿದರು. "ಹಂಗಾರ ಕೊಡ್ರಿ. ಈ ಸಲ ಬೆರಸೂದು ಮಾತ್ರ ನನ್ನ ಕೆಲಸ."

ಅದನ್ನು ಬಿತ್ತಿದವರು ಅವರು. ಕೊಯ್ದವಳು ಅವರ ಸೊಸೆ; ತೆನೆ ಬಲಿಯುವ ಮೊದಲೇ ಮರಿಯಾಬಾಯಿ ತೀರಿಕೊಂಡಿದ್ದರು. ಸುಗ್ಗಿಗೆ ಹೋದಾಗ ಕಾಳು ತುಂಬಿ ತೆನೆ ಬಾಗಿತ್ತು. ನೆರಳಿನ ಮೂಲೆಯಲ್ಲಿ ಎಲೆ ಮಗುಚಲು ಯಾರೂ ಕೂತಿರಲಿಲ್ಲ.